ಸಂಗೀತ ಚಿಕಿತ್ಸೆ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಹಾಡಿನ ಸಂಪತ್ತಿಗೆ ಹೆಸರಾದ ಪ್ರದೇಶಗಳಾಗಿವೆ. ಮಲೆ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನು ಹಾಡುತ್ತಾರೆ. ನೀಲಗಾರರು ತಂಬೂರಿ, ದಮ್ಮಡಿ ಮತ್ತು ಗಗ್ಗರಗಳೊಂದಿಗೆ ಮಂಟೇಸ್ವಾಮಿ ಮತ್ತು ಸಿದ್ಧಪ್ಪಾಜಿಯರ ಕಾವ್ಯವನ್ನು ಹಾಡುತ್ತಾರೆ. ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ನೆಲೆಸಿರುವ ಸೋಲಿಗರಲ್ಲಿ ಹಾಡು ಮತ್ತು ಸಾಮೂಹಿಕ ಕುಣಿತ ಬೇರೆ ಬೇರೆಯಲ್ಲ. ಸೋಬಾನೆ, ಜೋಗುಳ ಮತ್ತು ಬೀಸುವ ಪದಗಳು ಮನೆಮನೆಯ ಹಿರಿಯ ಮಹಿಳೆಯರ ನೆನಪಿನಲ್ಲಿವೆ.

ಅನಾರೋಗ್ಯ ಅಥವಾ ಅಂಗವೈಕಲ್ಯ ಉಳ್ಳವರ ಆರೈಕೆಯಲ್ಲಿ ಈ ಪರಿಚಿತ ಸಂಗೀತ ಯಾರಿಗೆ, ಹೇಗೆ ನೆರವಾಗಬಲ್ಲದು ಮತ್ತು ಅದರ ಮಿತಿಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಂಗೀತ ಚಿಕಿತ್ಸೆ ಎಂದರೇನು?

ತರಬೇತಿ ಪಡೆದ ಚಿಕಿತ್ಸಕರು ಒಬ್ಬ ವ್ಯಕ್ತಿಯ ಅಗತ್ಯವನ್ನು ಗುರುತಿಸಿ, ನಿರ್ದಿಷ್ಟ ಗುರಿಯನ್ನು ನಿಗದಿಪಡಿಸಿ, ಹಾಡುವುದು, ನುಡಿಸುವುದು, ಕೇಳುವುದು ಅಥವಾ ಲಯಕ್ಕೆ ತಕ್ಕಂತೆ ಚಲಿಸುವುದರ ಮೂಲಕ ಆ ಗುರಿಯತ್ತ ಕೊಂಡೊಯ್ಯುವ ಕ್ರಮಕ್ಕೆ ಸಂಗೀತ ಚಿಕಿತ್ಸೆ ಎನ್ನುತ್ತಾರೆ. ಮನರಂಜನೆಗಾಗಿ ಹಾಡು ಕೇಳುವುದು ಹಿತಕರವಾದರೂ ಅದು ಚಿಕಿತ್ಸೆ ಎನಿಸುವುದಿಲ್ಲ. ಸಂಗೀತ ಶಿಕ್ಷಣವೂ ಇದಕ್ಕಿಂತ ಭಿನ್ನವಾದುದು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು (1914-2010) ಅಂಧ ಮಕ್ಕಳಿಗೆ ಸಂಗೀತ ವಿದ್ಯೆಯನ್ನೂ ಅದರಿಂದ ಜೀವನೋಪಾಯವನ್ನೂ ಒದಗಿಸಿದ ಕಾರ್ಯ ಶಿಕ್ಷಣದ ಉಜ್ವಲ ನಿದರ್ಶನವಾಗಿದೆ. ಚಿಕಿತ್ಸೆಯಲ್ಲಿ ರೋಗಿಯು ಉತ್ತಮ ಗಾಯಕನಾಗಬೇಕಾದ ಅಗತ್ಯವಿಲ್ಲ. ಹಾಡಿನ ಮೂಲಕ ಆತನ ಮಾತು, ನಡಿಗೆ ಅಥವಾ ಮನಸ್ಸು ಸುಧಾರಿಸುವುದೇ ಗುರಿಯಾಗಿರುತ್ತದೆ.

ಎರಡನೆಯ ಮಹಾಯುದ್ಧದ ಗಾಯಾಳು ಸೈನಿಕರ ಆಸ್ಪತ್ರೆಗಳಲ್ಲಿ ದೊರೆತ ಅನುಭವದಿಂದ ಅಮೆರಿಕದಲ್ಲಿ ಇದು ಒಂದು ವೃತ್ತಿಯಾಗಿ ಬೆಳೆಯಿತು. ಅಲ್ಲಿ 1950ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು.

ಯಾರಿಗೆ, ಹೇಗೆ ನೆರವಾಗುತ್ತದೆ?

1. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು: ಬಹುತೇಕ ಜನರಲ್ಲಿ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿರುತ್ತದೆ. ಹಾಡುವಾಗ ಎಡ ಮತ್ತು ಬಲ ಎರಡೂ ಭಾಗಗಳು ಕೆಲಸ ಮಾಡುತ್ತವೆ. ಆದುದರಿಂದ ನೀರು ಬೇಕೆಂದು ಕೇಳಲಾಗದ ವ್ಯಕ್ತಿಯೂ ಬಾಲ್ಯದಲ್ಲಿ ಕಲಿತ ಪದವನ್ನು ಹಾಡಬಲ್ಲ ಸಂದರ್ಭಗಳುಂಟು. ಇದನ್ನೇ ಆಧರಿಸಿ 1973ರಲ್ಲಿ ಅಮೆರಿಕದ ಬಾಸ್ಟನ್‌ನ ತಜ್ಞರು ಸ್ವರಾಧಾರಿತ ಮಾತಿನ ಚಿಕಿತ್ಸೆಯನ್ನು ಪ್ರಕಟಿಸಿದರು. ರೋಗಿಯು ದಿನಬಳಕೆಯ ಸಣ್ಣ ವಾಕ್ಯವನ್ನು ರಾಗವಾಗಿ ಹೇಳುತ್ತಾ, ಪ್ರತಿ ಅಕ್ಷರಕ್ಕೂ ಎಡಗೈಯಿಂದ ತಾಳ ಹಾಕುತ್ತಾನೆ. ನಂತರ ಹಂತಹಂತವಾಗಿ ರಾಗವನ್ನು ಕಡಿಮೆ ಮಾಡಿ ಸಹಜ ಮಾತಿಗೆ ತರಲಾಗುತ್ತದೆ.

2. ನಡಿಗೆಯ ತೊಂದರೆ ಉಳ್ಳವರು: ಕಿವಿಗೆ ಬೀಳುವ ನಿಯತ ಲಯಕ್ಕೆ ದೇಹದ ಚಲನೆ ತಾನಾಗಿ ಹೊಂದಿಕೊಳ್ಳುತ್ತದೆ. ಪಾರ್ಕಿನ್ಸನ್ ಕಾಯಿಲೆ ಮತ್ತು ಪಾರ್ಶ್ವವಾಯು ಉಳ್ಳವರಲ್ಲಿ ಇಂತಹ ಲಯದ ಅಭ್ಯಾಸದಿಂದ ನಡಿಗೆಯ ವೇಗ ಮತ್ತು ಹೆಜ್ಜೆಯ ಉದ್ದ ಸುಧಾರಿಸಬಹುದೆಂದು ಅಧ್ಯಯನಗಳು ತಿಳಿಸುತ್ತವೆ. ಕಂಸಾಳೆಯ ಸ್ಪಷ್ಟ ತಾಳದ ನಿಧಾನಗತಿಯ ಧ್ವನಿಮುದ್ರಣವನ್ನು ಭೌತಚಿಕಿತ್ಸಕರ ಸಮ್ಮುಖದಲ್ಲಿ ಇದಕ್ಕೆ ಬಳಸಬಹುದಾಗಿದೆ. ಬೀಳುವ ಅಪಾಯವಿರುವುದರಿಂದ ರೋಗಿಯನ್ನು ಒಂಟಿಯಾಗಿ ಬಿಡಬಾರದು.

3. ಮರೆವಿನ ಕಾಯಿಲೆ ಉಳ್ಳ ವೃದ್ಧರು: ಮಕ್ಕಳ ಹೆಸರು ಮರೆತವರಲ್ಲಿಯೂ ಎಳೆಯ ವಯಸ್ಸಿನ ಹಾಡುಗಳ ನೆನಪು ಬಹುಕಾಲ ಉಳಿಯುವುದುಂಟು. ಸಂಗೀತದಿಂದ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಬಹುದು. ಆದರೆ ಕಾಯಿಲೆ ವಾಸಿಯಾಗುವುದಿಲ್ಲ. ಹನೂರಿನ ವೃದ್ಧೆಗೆ ಮಾದಪ್ಪನ ಪದ, ಸೋಲಿಗರ ಹಿರಿಯರಿಗೆ ಪೋಡಿನ ಹಾಡು, ಮತ್ತೊಬ್ಬರಿಗೆ ಹಳೆಯ ಚಲನಚಿತ್ರ ಗೀತೆ ಹಿತವಾಗಬಹುದು. ಹಾಡಿನ ಆಯ್ಕೆ ಆರೈಕೆದಾರರದಲ್ಲ, ರೋಗಿಯದಾಗಿರಬೇಕು.

4. ಆಟಿಸಂ ಉಳ್ಳ ಮಕ್ಕಳು: ಸರದಿಯಂತೆ ದಮ್ಮಡಿ ಬಡಿಯುವುದು, ಚಿಕಿತ್ಸಕರು ನಿಲ್ಲಿಸಿದಾಗ ಕಾಯುವುದು ಮುಂತಾದ ಆಟಗಳು ಮಾತಿಲ್ಲದೆಯೂ ಸಂವಹನವನ್ನು ಕಲಿಸುತ್ತವೆ. 2022ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು 26 ಅಧ್ಯಯನಗಳ 1165 ಮಂದಿಯನ್ನು ಒಳಗೊಂಡಿದ್ದು, ಒಟ್ಟಾರೆ ಸುಧಾರಣೆಯ ಸಾಧ್ಯತೆ ಹೆಚ್ಚುತ್ತದೆಂದು ತಿಳಿಸಿದೆ. ಆದರೆ 2017ರಲ್ಲಿ 9 ದೇಶಗಳ 364 ಮಕ್ಕಳ ಅಧ್ಯಯನದಲ್ಲಿ ಆಟಿಸಂನ ಮುಖ್ಯ ಲಕ್ಷಣಗಳ ತೀವ್ರತೆ ತಗ್ಗಿದ್ದು ಕಂಡುಬರಲಿಲ್ಲ. ಆದ್ದರಿಂದ ಪೋಷಕರು ಭರವಸೆಯೊಂದಿಗೆ ತಾಳ್ಮೆಯನ್ನೂ ಹೊಂದಿರಬೇಕು.

5. ಖಿನ್ನತೆ ಉಳ್ಳವರು: 2017ರ ಕಾಕ್ರೇನ್ ಪರಾಮರ್ಶೆಯಂತೆ, ರೂಢಿಯ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆ ದೊರೆತವರಲ್ಲಿ ಅಲ್ಪಾವಧಿಯಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂದಿದೆ. ಇಲ್ಲಿ 'ಜೊತೆಗೆ' ಎಂಬ ಪದ ಮುಖ್ಯವಾದುದು.

6. ಶ್ರವಣದೋಷ ಉಳ್ಳವರು: ತಮಟೆ, ದಮ್ಮಡಿಗಳ ಕಂಪನವನ್ನು ಅಂಗೈಯಿಂದ ಅನುಭವಿಸಿ ಲಯವನ್ನು ಗ್ರಹಿಸಬಹುದಾಗಿದೆ. ಆದುದರಿಂದ ಇವರನ್ನು ಸಂಗೀತ ಚಟುವಟಿಕೆಗಳಿಂದ ಹೊರಗಿಡುವುದು ಸರಿಯಲ್ಲ.

ಗಮನಿಸಬೇಕಾದ ಅಂಶಗಳು

• ವೈದ್ಯರು ಸೂಚಿಸಿದ ಔಷಧಿಗಳನ್ನು ಯಾವುದೇ ಕಾರಣಕ್ಕೂ ನಿಲ್ಲಿಸಬಾರದು. ಇಂತಹ ರಾಗದಿಂದ ಇಂತಹ ರೋಗ ವಾಸಿಯಾಗುತ್ತದೆ ಎಂಬ ಪ್ರಚಾರಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ.
• ಮುಖ ಸೊಟ್ಟಗಾಗುವುದು, ಒಂದು ಕೈ ಬಲಹೀನವಾಗುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಬೆಟ್ಟದ ಹಾಡಿಗಳಿಂದ ಆಸ್ಪತ್ರೆ ತಲುಪಲು ಸಮಯ ಹಿಡಿಯುವುದರಿಂದ ತಡಮಾಡದೆ 108ಕ್ಕೆ ಕರೆ ಮಾಡಬೇಕು.
• ಕಂಸಾಳೆಯಂತಹ ತೀಕ್ಷ್ಣ ನಾದವನ್ನು ಕೆಲವು ಮಕ್ಕಳು ಸಹಿಸಲಾರರು. ಕಿವಿ ಮುಚ್ಚಿಕೊಂಡರೆ ಅಥವಾ ಅತ್ತರೆ ಕೂಡಲೇ ನಿಲ್ಲಿಸಬೇಕು.
• ದುಃಖದ ಘಟನೆಯನ್ನು ನೆನಪಿಸುವ ಹಾಡುಗಳು ರೋಗಿಯನ್ನು ಕಂಗೆಡಿಸಬಹುದು.
• ದೇವರಗುಡ್ಡರು ಮತ್ತು ನೀಲಗಾರರು ದೀಕ್ಷೆ ಪಡೆದು ಹಾಡುವವರು. ಅವರ ವಾದ್ಯ ಮತ್ತು ಪದಗಳನ್ನು ಬಳಸುವಾಗ ಅವರ ಒಪ್ಪಿಗೆ ಪಡೆಯುವುದು ಹಾಗೂ ಪರಂಪರೆಯನ್ನು ಗೌರವಿಸುವುದು ಅವಶ್ಯಕ.

ನೆರವು ಎಲ್ಲಿ ದೊರೆಯುತ್ತದೆ?

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಮಾತು ಮತ್ತು ಶ್ರವಣದ ತೊಂದರೆಗಳಿಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ತಾಲ್ಲೂಕುಗಳಿಗೆ ಹತ್ತಿರದ ಉನ್ನತ ಕೇಂದ್ರವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧ ಕುರಿತು ಸಂಶೋಧನೆ ನಡೆದಿದೆ. ಮಾನಸಿಕ ತೊಂದರೆಗಳಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಸಂಗೀತ ಚಿಕಿತ್ಸಕರು ಗ್ರಾಮಗಳಲ್ಲಿ ದೊರೆಯುವುದು ವಿರಳ. ಆದರೆ ರೋಗಿಗೆ ಪ್ರಿಯವಾದ ಹಾಡುಗಳ ಪಟ್ಟಿಯನ್ನು ಸಿದ್ಧಪಡಿಸಿ ವೈದ್ಯರಿಗೂ ವಾಕ್ ಚಿಕಿತ್ಸಕರಿಗೂ ತಿಳಿಸುವುದು, ಪ್ರತಿದಿನ ಸ್ವಲ್ಪ ಹೊತ್ತು ರೋಗಿಯೊಡನೆ ಕುಳಿತು ಹಾಡುವುದು ಯಾವ ಮನೆಯಲ್ಲಿಯೂ ಸಾಧ್ಯ. ಹಿರಿಯರು ಇಂದು ನೆನಪಿನಿಂದ ಹಾಡುವ ಪದಗಳನ್ನು ಮೊಬೈಲ್‌ನಲ್ಲಿ ಮುದ್ರಿಸಿಟ್ಟುಕೊಂಡಲ್ಲಿ, ಮುಂದೆ ಅವರಿಗೆ ಮಾತು ಅಥವಾ ನೆನಪು ಕೈಕೊಟ್ಟಾಗ ಅದೇ ಧ್ವನಿ ಅವರ ಆರೈಕೆಗೆ ಒದಗಿಬರುತ್ತದೆ.