ಭೂಗರ್ಭದ ಸಾಕ್ಷ್ಯವೂ ದೂರುವವನ ಧರ್ಮವೂ

ಪ್ರಾಚೀನ ಚರಿತ್ರೆಯನ್ನರಿಯುವುದಕ್ಕೆ ಗ್ರಂಥ, ಶಾಸನ, ನಾಣ್ಯಗಳಂತೆ ಭೂಮಿಯೂ ಒಂದು ಆಧಾರವು. ಆದರೆ ಇವುಗಳೊಳಗೆ ಮುಖ್ಯವಾದೊಂದು ಭೇದವುಂಟು. ಲಿಪಿಕಾರನು ಓಲೆಯಲ್ಲಿ ತಪ್ಪು ಬರೆದರೆ ಬೇರೊಂದು ಪ್ರತಿಯೊಡನೆ ಹೋಲಿಸಿ ಪಾಠವನ್ನು ತಿದ್ದಬಹುದು. ಶಾಸನವನ್ನು ಒಬ್ಬನು ತಪ್ಪಾಗಿ ಓದಿದರೆ ಮತ್ತೊಬ್ಬನು ಕಲ್ಲಿನ ಬಳಿಗೆ ಹೋಗಿ ಪುನಃ ಓದಬಹುದು. ಭೂಮಿಯ ಪದರಗಳಾದರೋ ಒಂದೇ ಪ್ರತಿ. ಅಗೆದ ಮಾತ್ರಕ್ಕೆ ಅದು ಇಲ್ಲವಾಗುವುದು.

ಆದುದರಿಂದ ಅಗೆದವನಿಗೆ ಮಾತ್ರ ಪ್ರತ್ಯಕ್ಷವು. ಉಳಿದವರಿಗೆಲ್ಲ ಶಬ್ದವೇ ಪ್ರಮಾಣವು. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು, ಎಂದರೆ ಇದ್ದುದನ್ನು ಇದ್ದಂತೆ ಹೇಳುವವನಾಗಿರಬೇಕು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದು, ಕಂಡುದನ್ನು ಸಚಿತ್ರವಾಗಿ ಪ್ರಕಟಿಸಿದರು. ಅಲ್ಲಿಯ ಶಿಲಾಯುಗಕ್ಕೆ ಅವರು ಹೇಳಿದ ಕಾಲವು ಈಚಿನದಾಯಿತೆಂದು ಮುಂದಿನ ವಿದ್ವಾಂಸರು ತೋರಿಸಿರುವರು. ಆದರೂ ಆ ವರದಿಗೆ ಬೆಲೆ ಕಡಮೆಯಾಗಿಲ್ಲ; ಪದರಗಳ ಕ್ರಮವು ಸರಿಯಾಗಿ ಬರೆದಿಟ್ಟಿದ್ದುದರಿಂದಲೇ ಕಾಲವನ್ನು ತಿದ್ದುವುದು ಸಾಧ್ಯವಾಯಿತು.

ಅಗೆಯುವ ಕಾರ್ಯವೇ ವ್ಯಾಪಾರವಾದಾಗ ಈ ಆಪ್ತತೆಯು ಏನಾಗುವುದೆಂಬುದನ್ನು ಇಂಗ್ಲೆಂಡಿನ ಚರಿತ್ರೆಯಿಂದ ತಿಳಿಯಬಹುದು. 1587ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ರೋಸ್ ನಾಟಕಶಾಲೆಯ ಅಸ್ತಿಭಾರವು 1989ರಲ್ಲಿ ಹೊಸದೊಂದು ಕಟ್ಟಡದ ಜಾಗದಲ್ಲಿ ಗೋಚರವಾಯಿತು. ಅದನ್ನು ಉಳಿಸಬೇಕೆಂದು ನಟರೂ ಪಂಡಿತರೂ ದೊಡ್ಡ ಚಳವಳಿ ನಡೆಸಿದರು. ಮರುವರ್ಷ, 1990ರ ನವೆಂಬರಿನಲ್ಲಿ, ಸರಕಾರವು ಒಂದು ಸೂತ್ರವನ್ನು ಹೊರಡಿಸಿತು: ಕಟ್ಟಡದಿಂದ ಪ್ರಾಚೀನಾವಶೇಷಗಳಿಗೆ ಹಾನಿಯಾಗುವಂತಿದ್ದರೆ ಅವುಗಳನ್ನು ಮೊದಲೇ ಶೋಧಿಸಿ ದಾಖಲೆಮಾಡುವ ವೆಚ್ಚವನ್ನು ಕಟ್ಟಿಸುವವನೇ ಹೊರತಕ್ಕದ್ದು.

ಇದರಿಂದಾದ ಲಾಭವು ಅಲ್ಪವಲ್ಲ. ಹಿಂದೆ ಯಾರೂ ಕಾಣದೆ ಹಾಳಾಗುತ್ತಿದ್ದ ಅಸಂಖ್ಯ ನೆಲೆಗಳು ಬೆಳಕಿಗೆ ಬಂದವು. ರಿಚರ್ಡ್ ಬ್ರಾಡ್ಲೆ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟವಾದ ತಮ್ಮ ಬ್ರಿಟನ್–ಐರ್ಲೆಂಡುಗಳ ಪ್ರಾಗಿತಿಹಾಸವನ್ನು ಬರೆಯುವಾಗ ಇಂತಹ ಅಚ್ಚಾಗದ ವರದಿಗಳನ್ನು ವಿಶೇಷವಾಗಿ ಬಳಸಿಕೊಂಡರು. ಆದರೆ ವ್ಯವಸ್ಥೆಯ ಬುಡದಲ್ಲಿಯೇ ಒಂದು ದೋಷವುಂಟು. ಹಣ ಕೊಡುವವನಿಗೆ ಬೇಕಾದುದು ತೆರವಾದ ನೆಲವೇ ಹೊರತು ಚರಿತ್ರೆಯಲ್ಲ. ಟೆಂಡರುಗಳಲ್ಲಿ ಕಡಮೆ ದರದವನಿಗೆ ಕೆಲಸವನ್ನೊಪ್ಪಿಸುವುದು ಸಹಜವು. ದರ ಕುಗ್ಗಿದರೆ ದಿನಗಳು ಕುಗ್ಗುವುವು. ಯಂತ್ರವು ಬೇಕಾದುದಕ್ಕಿಂತ ಆಳಕ್ಕಿಳಿಯುವುದು. ಮಣ್ಣಿನ ಮಾದರಿಗಳನ್ನು ತೆಗೆಯದೆ ಬಿಡುವರು. ವರದಿಯು ವರ್ಷಗಟ್ಟಲೆ ತಡವಾಗುವುದು. ಇವುಗಳಲ್ಲಿ ಯಾವುದೂ ಹೊರಗಿನವರಿಗೆ ಕಾಣದು. ಕಾಣುವವನು ಗುಂಡಿಯೊಳಗೆ ನಿಂತಿರುವ ಸಹೋದ್ಯೋಗಿಯೊಬ್ಬನೇ.

ಅವನು ದೂರನ್ನು ಯಾರಿಗೆ ಕೊಡಬೇಕು? 1982ರಲ್ಲಿ ಆ ದೇಶದ ಕ್ಷೇತ್ರಶೋಧಕರು ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 2014ರಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು. ಸದಸ್ಯರಿಗೆ ನಡತೆಯ ನಿಯಮಗಳನ್ನು ವಿಧಿಸಿ, ದೂರುಗಳನ್ನು ವಿಚಾರಣೆ ಮಾಡುವ ಪದ್ಧತಿಯನ್ನು ಅದು ಇಟ್ಟುಕೊಂಡಿರುವುದು. ಆದರೆ ವೈದ್ಯರಿಗಿರುವಂತೆ ಇವರಿಗೆ ಕಾನೂನಿನ ಕಡ್ಡಾಯ ನೋಂದಣಿಯಿಲ್ಲ. ಸದಸ್ಯನಲ್ಲದವನ ಮೇಲೆ ಸಂಸ್ಥೆಯ ಕೈ ಸಾಗದು. ಸ್ಥಳೀಯ ಆಡಳಿತದ ಪ್ರಾಕ್ತನಾಧಿಕಾರಿಯು ಒಪ್ಪಿದ ಲಿಖಿತ ಯೋಜನೆಯಂತೆ ಕೆಲಸ ನಡೆದಿದೆಯೇ ಎಂದು ಪರೀಕ್ಷಿಸಬಹುದು. ದೂರುವವನಾದರೋ ಅನೇಕವೇಳೆ ಕೆಲವು ತಿಂಗಳ ಕರಾರಿನ ನೌಕರನು. ಉದ್ಯೋಗದ ವಲಯವು ಕಿರಿದು. ಇಂದು ದೂರಿದರೆ ನಾಳೆ ಕೆಲಸ ಸಿಕ್ಕೀತೇ ಎಂಬ ಅಂಜಿಕೆಯು ಅವನ ಬಾಯನ್ನು ಕಟ್ಟುವುದು.

ಬಾಯಿ ಬಿಟ್ಟರೂ ಕೇಳುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ, ವ್ಯಾಪಾರದ ಸಂಬಂಧವಿಲ್ಲದಿದ್ದರೂ, ಜಪಾನಿನ ನಿದರ್ಶನವು ಸಾಕು. ಅಲ್ಲಿ ಫುಜಿಮುರಾ ಶಿನಿಚಿ ಎಂಬವನು ಅತಿ ಪ್ರಾಚೀನ ಶಿಲೋಪಕರಣಗಳನ್ನು ಒಂದರ ಮೇಲೊಂದರಂತೆ ಕಂಡುಹಿಡಿದು ಕೀರ್ತಿಶಾಲಿಯಾಗಿದ್ದನು. 1986ರಲ್ಲಿಯೇ ಓಡಾ ಮತ್ತು ಕೀಲಿ ಎಂಬ ಇಬ್ಬರು ವಿದ್ವಾಂಸರು ಆ ಪ್ರಾಂತದ ಶೋಧಗಳ ವಿಷಯದಲ್ಲಿ ಸಂಶಯವನ್ನು ಲೇಖನದಲ್ಲಿ ಪ್ರಕಟಿಸಿದರು. ಅದಕ್ಕೆ ಮನ್ನಣೆ ದೊರೆಯಲಿಲ್ಲ. 2000ದ ನವೆಂಬರಿನಲ್ಲಿ, ಅವನೇ ಕಲ್ಲುಗಳನ್ನು ಹೂಳುತ್ತಿದ್ದ ಚಿತ್ರಗಳನ್ನು ಮೈನಿಚಿ ಪತ್ರಿಕೆಯು ಅಚ್ಚುಮಾಡಿತು. ಶಾಲೆಯ ಪಠ್ಯಪುಸ್ತಕಗಳನ್ನೇ ತಿದ್ದಬೇಕಾಯಿತು. ವಿದ್ಯಾರ್ಥಿಗಳು ಸುಳ್ಳನ್ನು ಓದಿದುದಕ್ಕೆ ಪರಿಹಾರವೆಲ್ಲಿ?

ದೂರಿಗೂ ಚಾಡಿಗೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ಚಾಡಿಯು ವ್ಯಕ್ತಿಯನ್ನು ಗುರಿಮಾಡುವುದು. ದೂರು ಕೃತ್ಯವನ್ನು ತೋರಿಸುವುದು. ಯಾವ ದಿನ, ಯಾವ ಗುಂಡಿಯಲ್ಲಿ, ಯಾವ ಪದರದಲ್ಲಿ, ಯೋಜನೆಯ ಯಾವ ವಿಧಿಗೆ ಲೋಪವಾಯಿತೆಂಬುದನ್ನು ಬರೆದು, ಮೊದಲು ಕಾರ್ಯನಿರ್ವಾಹಕನಿಗೆ, ಅವನು ಕೇಳದಿದ್ದರೆ ಅಧಿಕಾರಿಗೂ ಸಂಸ್ಥೆಗೂ ತಿಳಿಸುವುದು ಯೋಗ್ಯವು. ಗುಂಡಿ ಮುಚ್ಚುವ ಮುನ್ನವೇ ತಿಳಿಸುವುದು ಅದಕ್ಕಿಂತಲೂ ಯೋಗ್ಯವು. ಮುಚ್ಚಿದ ಮೇಲೆ ತಪ್ಪಿತಸ್ಥನನ್ನು ದಂಡಿಸಬಹುದಲ್ಲದೆ ಪದರವನ್ನು ಮರಳಿ ತರಲಾಗದು. ಸಹೋದ್ಯೋಗಿಯ ಮೇಲಣ ದಾಕ್ಷಿಣ್ಯವು ಒಳ್ಳೆಯ ಗುಣವೇ ಸರಿ. ಆದರೆ ನೆಲದೊಳಗೆ ಮಲಗಿರುವವರು ತಮ್ಮ ಪರವಾಗಿ ವಾದಿಸಲಾರರು. ಅವರ ಪಕ್ಷವನ್ನು ಹಿಡಿಯಬಲ್ಲವನು ಅಲ್ಲಿ ನಿಂತು ಕಣ್ಣಾರೆ ಕಂಡವನೊಬ್ಬನೇ.