ಡಿಫಾಲ್ಟ್ ಲೈಬ್ರರಿಗಳ ಜೋಡಣೆ ಮತ್ತು ಅದರ ನಿಯಂತ್ರಣ

ಸಿ ಭಾಷೆಯ ಪ್ರೋಗ್ರಾಮೊಂದು ಕಾರ್ಯಯೋಗ್ಯ ರೂಪವನ್ನು ಪಡೆಯುವಾಗ, ಬರೆದವನು ಕೇಳದಿದ್ದರೂ, ಕೆಲವು ಲೈಬ್ರರಿಗಳು ಅದರೊಡನೆ ಬಂದು ಕೂಡಿಕೊಳ್ಳುವುವು. ಅವನ್ನು ಬದಲಿಸುವ ಅಥವಾ ನಿರಾಕರಿಸುವ ಉಪಾಯಗಳ ಚರಿತ್ರೆಯು ಯುನಿಕ್ಸ್‌ನಷ್ಟೇ ಹಳೆಯದು.

1970ರ ದಶಕದಲ್ಲಿ ಬೆಲ್ ಪ್ರಯೋಗಶಾಲೆಯ ‘ಸಿಸಿ’ ಆಜ್ಞೆಯು ಪ್ರೋಗ್ರಾಮನ್ನು ಚಾಲನೆಗೊಳಿಸುವ ಆರಂಭಸಂಹಿತೆಯನ್ನು ಮುಂದಿರಿಸಿ, ಸಿ ಲೈಬ್ರರಿಯನ್ನು ಕೊನೆಯಲ್ಲಿರಿಸಿ, ಎಲ್ಲವನ್ನೂ, ಬಿಡಿಭಾಗಗಳನ್ನು ಜೋಡಿಸುವ ಲಿಂಕರಿಗೆ ಒಪ್ಪಿಸುತ್ತಿದ್ದಿತು. ಸಾಮಾನ್ಯ ಪ್ರೋಗ್ರಾಮಿಗೆ ಇದು ಮಹದುಪಕಾರ. ಆದರೆ 1973ರಲ್ಲಿ ಸಿ ಭಾಷೆಗೆ ರೂಪಾಂತರಗೊಂಡ ಯುನಿಕ್ಸ್ ಕರ್ನಲ್‌ಗೆ ಈ ಉಪಕಾರವು ಸಲ್ಲದು. ಏಕೆಂದರೆ ಆ ಲೈಬ್ರರಿಯೇ ಕರ್ನಲನ್ನು ಆಶ್ರಯಿಸಿ ನಿಂತಿರುವಾಗ, ಕರ್ನಲ್ ಮರಳಿ ಲೈಬ್ರರಿಯನ್ನು ಆಶ್ರಯಿಸುವುದೆಂತು? 1989ರ ಅಮೆರಿಕನ್ ಸಿ ಮಾನಕವು ಈ ಭೇದವನ್ನು ಮನ್ನಿಸಿ, ಲೈಬ್ರರಿಯಿಲ್ಲದ ಸ್ವತಂತ್ರ ಪರಿಸರಕ್ಕೆ ನಾಲ್ಕೇ ಹೆಡರ್‌ಗಳನ್ನು ವಿಧಿಸಿತು.

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಪ್ರಕಟಿಸಿದ ಜಿಸಿಸಿ ಕಂಪೈಲರಿನ ಪರಂಪರೆಯಲ್ಲಿ ನಿರಾಕರಣೆಗೆ ಸ್ಪಷ್ಟವಾದ ಆಯ್ಕೆಗಳು ದೊರೆತುವು: ‘ನೋಸ್ಟಡ್‌ಲಿಬ್’ ಆರಂಭಸಂಹಿತೆ, ಲೈಬ್ರರಿ ಎರಡನ್ನೂ ತೊರೆಯುವುದು, ‘ನೋಡಿಫಾಲ್ಟ್‌ಲಿಬ್ಸ್’ ಲೈಬ್ರರಿಗಳನ್ನು ಮಾತ್ರ. ಈ ತ್ಯಾಗವಾದರೂ ಪೂರ್ಣವಾಗದೆಂಬುದೇ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ. 32 ಬಿಟ್ ಯಂತ್ರದಲ್ಲಿ 64 ಬಿಟ್ ಸಂಖ್ಯೆಗಳ ಭಾಗಾಕಾರಕ್ಕೆ ತಕ್ಕ ಆದೇಶವಿಲ್ಲದಿರುವಲ್ಲಿ, ಕಂಪೈಲರ್ ತನ್ನ ಸಹಾಯಕ ಲೈಬ್ರರಿಯಾದ ‘ಲಿಬ್‌ಜಿಸಿಸಿ’ಯ ಕಾರ್ಯವಿಧಿಯೊಂದನ್ನು ಸದ್ದಿಲ್ಲದೆ ಕರೆಯುವುದು; ಆಗ ಎಲ್ಲವನ್ನೂ ತೊರೆದೆನೆಂದುಕೊಂಡವನು, ತಾನೆಂದೂ ಬರೆಯದ ಹೆಸರು ಸಿಕ್ಕಲಿಲ್ಲವೆಂಬ ಲಿಂಕರಿನ ದೂರನ್ನು ಕೇಳಿ ಬೆರಗಾಗುವನು. ‘ಮೆಮ್‌ಕಾಪಿ’, ‘ಮೆಮ್‌ಸೆಟ್’ ಮುಂತಾದ ನಾಲ್ಕು ಫಂಕ್ಷನ್‌ಗಳನ್ನಂತೂ ಸ್ವತಂತ್ರ ಪರಿಸರದಲ್ಲಿಯೂ ಒದಗಿಸಲೇಬೇಕು. 32 ಬಿಟ್ ಎಕ್ಸ್86 ಯಂತ್ರಗಳ ಲಿನಕ್ಸ್ ಕರ್ನಲ್ ಲಿಬ್‌ಜಿಸಿಸಿಯನ್ನೂ ದೂರವಿಟ್ಟು, ಭಾಗಾಕಾರಕ್ಕೆ ‘ಡೂ_ಡಿವ್’ ಎಂಬ ತನ್ನದೇ ಮ್ಯಾಕ್ರೋವನ್ನು ಇರಿಸಿಕೊಂಡಿತು. ಅಡಗಿದ ವೆಚ್ಚವನ್ನು ಬರೆಯುವವನ ಕಣ್ಣಿಗೆ ಕಾಣಿಸುವ ಈ ಕಟ್ಟುನಿಟ್ಟು ನಿಜಕ್ಕೂ ಶ್ಲಾಘ್ಯವಾದುದು.

ಮೈಕ್ರೋಸಾಫ್ಟ್‌ನ ಮಾರ್ಗವೇ ಬೇರೆ. ಅಲ್ಲಿ ಕಂಪೈಲರ್ ತನಗೆ ಬೇಕಾದ ಲೈಬ್ರರಿಯ ಹೆಸರನ್ನು ಆಬ್ಜೆಕ್ಟ್ ಕಡತದೊಳಗೇ ಬರೆದಿಡುವುದರಿಂದ, ಭಿನ್ನ ರನ್‌ಟೈಮ್‌ಗಳನ್ನು ನೆಚ್ಚಿದ ಎರಡು ಕಡತಗಳು ಲಿಂಕರಿನ ಮುಂದೆ ಕಲಹಕ್ಕೆ ನಿಲ್ಲುವುವು. ಬಿಲ್ಡ್ ಸಾಧನವಾದ ಸಿಮೇಕ್ ಬಳಸುವವರು ಬಹುಕಾಲ ಫ್ಲ್ಯಾಗ್‌ಗಳ ಅಕ್ಷರಗಳನ್ನೇ ತಿದ್ದುತ್ತ ಇದನ್ನು ನಿಭಾಯಿಸಿದರು. ರನ್‌ಟೈಮಿನ ಆಯ್ಕೆಗೆಂದೇ ಮೀಸಲಾದ ಚರಾಕ್ಷರವು ಬಂದುದು 2019ರ 3.15ನೆಯ ಆವೃತ್ತಿಯಲ್ಲಿ.

ಡಿಫಾಲ್ಟ್ ಲೈಬ್ರರಿಯ ಎಲ್ಲೆಯೂ ಬದಲಾಗುವುದುಂಟು: ಗ್ನು ಸಿ ಲೈಬ್ರರಿಯಾದ ಜಿಲಿಬ್‌ಸಿಯ 2021ರ 2.34ನೆಯ ಆವೃತ್ತಿಯು, ಪ್ರತ್ಯೇಕವಾಗಿದ್ದ ಪಿಥ್ರೆಡ್ ಎಂಬ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯಲ್ಲಿಯೇ ಲೀನಗೊಳಿಸಿತು. ಹಳೆಯ ಬಿಲ್ಡ್ ಕಡತಗಳು ಕೆಡದಿರಲೆಂದು ಆ ಹೆಸರಿನ ಬರಿದಾದ ಸ್ಥಿರ ಲೈಬ್ರರಿಯೊಂದನ್ನು ಉಳಿಸಿಕೊಂಡಿದೆ.