ಹಾಡಿದವಳ ಹೆಸರು: ವಿಜಯಾ ದಬ್ಬೆಯವರ ಬದುಕು ಮತ್ತು ನೋಟ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮದುವೆಯ ಹಾಡುಗಳು ಹೆಂಗಸರ ಬಾಯಲ್ಲಿ ಉಳಿದು ಬಂದವು. ಮಗಳನ್ನು ಒಪ್ಪಿಸಿಕೊಡುವ ಅಳಲೂ ಬೀಗರನ್ನು ಹಾಸ್ಯಮಾಡುವ ದಿಟ್ಟತನವೂ ಅವುಗಳಲ್ಲಿವೆ. ಡಾ. ಎಲ್.ಆರ್. ಹೆಗಡೆಯವರಂಥ ವಿದ್ವಾಂಸರ ಶ್ರಮದಿಂದ ಈ ಜಿಲ್ಲೆಯ ಜನಪದ ಗೀತೆಗಳು ಗ್ರಂಥಸ್ಥವಾದವು. ಆದರೆ ಹಾಡು ಕಟ್ಟಿದವಳ ಹೆಸರು ಉಳಿಯಲಿಲ್ಲ. ಮೌಖಿಕ ಪರಂಪರೆಯಲ್ಲಿ ಇದು ಸಹಜವೆನ್ನಬಹುದು. ಅಕ್ಷರ ಬಲ್ಲ ಲೇಖಕಿಯರೂ ಸಾಹಿತ್ಯ ಚರಿತ್ರೆಯಲ್ಲಿ ಮರೆಗೆ ಸರಿದುದೇಕೆ? ಈ ಪ್ರಶ್ನೆಯನ್ನು ಕವಿಯಾಗಿಯೂ ಸಂಶೋಧಕಿಯಾಗಿಯೂ ಎತ್ತಿದವರಲ್ಲಿ ವಿಜಯಾ ದಬ್ಬೆ ಪ್ರಮುಖರು.

1951ರಲ್ಲಿ ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ದಬ್ಬೆ ಗ್ರಾಮದಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿದ್ದರು. ಹಳಗನ್ನಡ ಕವಿ ನಾಗಚಂದ್ರನನ್ನು ಕುರಿತು ಸಂಶೋಧನೆ ನಡೆಸಿದರು. ‘ಇರುತ್ತವೆ’ (1975), ‘ನೀರು ಲೋಹದ ಚಿಂತೆ’ (1985), ‘ತಿರುಗಿ ನಿಂತ ಪ್ರಶ್ನೆ’ (1995) ಅವರ ಮುಖ್ಯ ಕವನ ಸಂಕಲನಗಳು. 1978ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಮತಾ ವೇದಿಕೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಕವಿತೆ, ಸಂಶೋಧನೆ, ಸಂಘಟನೆ ಈ ಮೂರೂ ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಕವಿತೆಯಲ್ಲಿ ಪ್ರಶ್ನಿಸುವ ಹೆಣ್ಣೇ ವೇದಿಕೆಯಲ್ಲಿ ಇತರ ಹೆಣ್ಣುಗಳೊಡನೆ ನಿಂತಳು. ಆಕೆಯೇ ತನಗಿಂತ ಹಿಂದೆ ಬರೆದವರನ್ನೂ ಹುಡುಕಿದಳು. ಬಾಲ್ಯದಲ್ಲೇ ವಿಧವೆಯಾಗಿ, ‘ಸತೀಹಿತೈಷಿಣೀ’ ಗ್ರಂಥಮಾಲೆಯ ಮೂಲಕ ಲೇಖಕಿಯೂ ಪ್ರಕಾಶಕಿಯೂ ಆದ ನಂಜನಗೂಡು ತಿರುಮಲಾಂಬಾ ಅವರನ್ನು ಕುರಿತ ‘ಹಿತೈಷಿಣಿಯ ಹೆಜ್ಜೆಗಳು’ ಈ ಹುಡುಕಾಟದ ಫಲ. ಸ್ತ್ರೀವಾದವು ಹೊರಗಿನಿಂದ ಬಂದ ವಿಚಾರವಷ್ಟೇ ಅಲ್ಲ, ಕನ್ನಡದೊಳಗೇ ಅದಕ್ಕೊಂದು ವಂಶಾವಳಿಯಿದೆ ಎಂಬುದನ್ನು ಇಂತಹ ಕೃತಿಗಳು ತೋರಿಸುತ್ತವೆ.

1999ರ ರಸ್ತೆ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟಾಗಿ ಅವರ ಬರಹ ನಿಂತುಹೋಯಿತು, ನೆನಪೂ ಕುಂದಿತು. 2018ರ ಫೆಬ್ರವರಿಯಲ್ಲಿ ಅವರು ನಿಧನರಾದರು. ಇತರರ ನೆನಪನ್ನು ಉಳಿಸಿದವರಿಗೆ ತಮ್ಮ ನೆನಪೇ ಕೈಕೊಟ್ಟುದು ದಾರುಣ ಸಂಗತಿ.

ಅವರು ತೋರಿದ ದಾರಿ ಜಾನಪದ ಅಧ್ಯಯನಕ್ಕೂ ಅನ್ವಯಿಸುತ್ತದೆ. ಶಿರಸಿ ಸೀಮೆಯ ಹಾಡುಗಳನ್ನು ‘ಜನಪದರದು’ ಎಂದು ಒಟ್ಟಾಗಿ ಹೇಳಿಬಿಟ್ಟರೆ ಹಾಡುವವಳು ಹಿಂದೆ ಸರಿಯುತ್ತಾಳೆ. ಪಾಠದೊಡನೆ ಹಾಡಿದವಳ ಹೆಸರು, ಊರು, ಕಲಿತ ಬಗೆ, ಸೇರಿಸಿದ ನುಡಿ, ಬಿಟ್ಟ ನುಡಿ ಇವೆಲ್ಲ ದಾಖಲಾಗಬೇಕು. ಆಗ ಮಾತ್ರ ಹಾಡಿನ ಹಿಂದಿರುವ ಹೆಣ್ಣನ್ನು ಕವಿಯೆಂದು ಗುರುತಿಸಲು ಸಾಧ್ಯ.